ವಯಸ್ಸಾದ ಮೊಲಕ್ಕೆ ಯಾವ ಪೆಲೆಟ್? ಚೀಲದ ಹಿಂದಿನ ಅಂಕಿಗಳನ್ನು ಓದುವುದು ಹೀಗೆ

2020ರ ಲಾಕ್‌ಡೌನ್ ಸಮಯದಲ್ಲಿ ಶಾಲೆ ಇಲ್ಲದೆ ಮನೆಯಲ್ಲೇ ಕೂತ ಮಕ್ಕಳ ಹಠಕ್ಕೆ ಮೊಲ ತಂದವರು ನಮ್ಮಲ್ಲಿ ಇದ್ದಾರೆ. ಆ ಮೊಲಗಳಿಗೆ ಈಗ ಐದು ವರ್ಷ ದಾಟಿದೆ. ಮನುಷ್ಯರ ಲೆಕ್ಕದಲ್ಲಿ ಐದು ವರ್ಷ ಅಂದರೆ ಎಲ್‌ಕೆಜಿ ಮಗು. ಮೊಲದ ಲೆಕ್ಕದಲ್ಲಿ ಅದು ಮುದಿತನದ ಬಾಗಿಲು. ಚೆನ್ನಾಗಿ ಸಾಕಿದ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ. ಅಂದರೆ ಇನ್ನೂ ಅಷ್ಟೇ ವರ್ಷ ಅದು ನಮ್ಮ ಮನೆಯಲ್ಲಿ ಇರಬಹುದು, ಅದೂ ಸರಿಯಾದ ಆಹಾರ ಸಿಕ್ಕರೆ ಮಾತ್ರ.

ಆದೋನಿ ಕಡೆ ಈ ಪ್ರಶ್ನೆ ಆಗಾಗ ಬರುತ್ತದೆ. ಆದೋನಿ, ಆಲೂರು ತಾಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಆ ವರ್ಷದ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಆ ಕಡೆ ಸೇರಿದವು. ಹೀಗಾಗಿ ಇಲ್ಲಿನ ಬಜಾರಿನಲ್ಲಿ ಒಬ್ಬರು ಮೊಲ ಅನ್ನುತ್ತಾರೆ, ಇನ್ನೊಬ್ಬರು ಕುಂದೇಲು, ಮತ್ತೊಬ್ಬರು ಖರ್ಗೋಶ್. ಹೆಸರು ಮೂರಾದರೂ ಪ್ರಶ್ನೆ ಒಂದೇ: "ಮೊದಲಿನ ಹಾಗೆ ತಿಂತಾ ಇಲ್ಲ, ಸೊರಗಿದೆ. ಯಾವ ಪೆಲೆಟ್ ಹಾಕೋದು?" ಮಂಗಳೂರು, ಉಳ್ಳಾಲ, ಪುತ್ತೂರು ಕಡೆಯ ನಮ್ಮವರಿಗೂ ಇದೇ ಪ್ರಶ್ನೆ ಇದೆ. ಹವಾಮಾನ ಮಾತ್ರ ಬೇರೆ. ಎರಡೂ ಕಡೆಯವರಿಗೆ ಉಪಯೋಗ ಆಗಲಿ ಎಂದು ಇದನ್ನು ಬರೆದಿದ್ದೇನೆ.

ಅಂಗಡಿಯ ಪೆಲೆಟ್ ಯಾರಿಗಾಗಿ ತಯಾರಾಗಿದೆ?

ನಮ್ಮ ದೇಶದಲ್ಲಿ ಪಶು ಆಹಾರದ ಅಂಗಡಿಗಳಲ್ಲಿ ಬಿಡಿಯಾಗಿ ಸಿಗುವ ಮೊಲದ ಪೆಲೆಟ್ ಹೆಚ್ಚಾಗಿ ಮಾಂಸಕ್ಕಾಗಿ ಸಾಕುವ ಮೊಲಗಳದ್ದು. ಶಾಫಿ ಮದ್‌ಹಬ್‌ನಲ್ಲಿ ಮೊಲ ಹಲಾಲ್, ಅದನ್ನು ಸಾಕಿ ಮಾರುವುದೂ ಒಳ್ಳೆಯ ಕಸುಬೇ. ಕೇಂದ್ರ ಸರ್ಕಾರದ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ ಕೊಡೈಕೆನಾಲ್ ಹತ್ತಿರದ ಮನ್ನವನೂರಿನಲ್ಲಿ ಇಂಥ ಬ್ರಾಯ್ಲರ್ ಮೊಲಗಳ ಮೇಲೆ ಕೆಲಸ ಮಾಡುತ್ತಿದೆ. ಆದರೆ ಆ ಮೊಲದ ಗುರಿ ಬೇರೆ. ಮೂರು ತಿಂಗಳಲ್ಲಿ ಅದು ಎರಡು ಕಿಲೋ ಆಸುಪಾಸು ಬರಬೇಕು. ಹಾಗಾಗಿ ಆ ಪೆಲೆಟ್‌ನಲ್ಲಿ ಪ್ರೋಟೀನ್ ಸಾಮಾನ್ಯವಾಗಿ ಶೇ. 16ರಿಂದ 18 ಇರುತ್ತದೆ, ನಾರು ಶೇ. 12ರಿಂದ 14 ಮಾತ್ರ. ಬೆಳೆಯುವ ಮರಿಗೆ ಅದು ಸರಿ. ಆರು ವರ್ಷದ, ಮೂಲೆಯಲ್ಲಿ ಮಲಗಿಕೊಂಡೇ ಇರುವ ಮೊಲಕ್ಕೆ ಅದನ್ನೇ ಹೊಟ್ಟೆತುಂಬ ಹಾಕಿದರೆ ಬೊಜ್ಜು, ಹಲ್ಲಿನ ತೊಂದರೆ, ಹೊಟ್ಟೆ ನಿಲ್ಲುವುದು ಒಂದರ ಹಿಂದೆ ಒಂದು ಬರುತ್ತವೆ.

ಕಾರಣ ಮೊಲದ ದೇಹ ರಚನೆಯಲ್ಲೇ ಇದೆ. ಮೊಲದ ಹಲ್ಲು ಸಾಯುವವರೆಗೆ ಬೆಳೆಯುತ್ತಲೇ ಇರುತ್ತದೆ. ಮುಂದಿನ ಹಲ್ಲು ವಾರಕ್ಕೆ ಸುಮಾರು 2 ಮಿ.ಮೀ. ಬೆಳೆಯುತ್ತದೆ. ಉದ್ದನೆಯ ಹುಲ್ಲನ್ನು ಅಡ್ಡಡ್ಡ ಅಗಿದಾಗ ಮಾತ್ರ ಒಳಗಿನ ದವಡೆ ಹಲ್ಲು ಸವೆಯುತ್ತದೆ. ಪೆಲೆಟ್ ಬಾಯಿಗೆ ಹಾಕಿದ ಕೂಡಲೇ ಪುಡಿಯಾಗುತ್ತದೆ, ಅಗಿಯುವ ಕೆಲಸವೇ ಇಲ್ಲ. ಇನ್ನು ಹೊಟ್ಟೆ. ಮೊಲದ ಕರುಳು ಸದಾ ಚಲಿಸುತ್ತಿರಬೇಕು, ಅದನ್ನು ತಳ್ಳುವುದು ನಾರು. ಮೊಲಕ್ಕೆ ವಾಂತಿ ಮಾಡಲೂ ಬರುವುದಿಲ್ಲ. ಒಳಗೆ ನಿಂತದ್ದು ಅಲ್ಲೇ ನಿಂತು ಗ್ಯಾಸ್ ತುಂಬಿ ಜೀವಕ್ಕೇ ಅಪಾಯ ಆಗುತ್ತದೆ.

ಆದ್ದರಿಂದ ಮೊದಲ ಪಾಠ: ಪೆಲೆಟ್ ಊಟ ಅಲ್ಲ, ಊಟದ ಜೊತೆಗಿನ ಪಲ್ಯ. ತಟ್ಟೆಯ ನೂರರಲ್ಲಿ ಎಂಬತ್ತು ಭಾಗ ಒಣಹುಲ್ಲು ಇರಬೇಕು. ಉಳಿದದ್ದರಲ್ಲಿ ಹಸಿ ಸೊಪ್ಪು ಮತ್ತು ಅಳತೆ ಮಾಡಿದ ಪೆಲೆಟ್.

ಚೀಲದ ಮೇಲೆ ನೋಡಬೇಕಾದ ಐದು ಅಂಕಿಗಳು

ಚೀಲದ ಮುಂದೆ ಮೊಲದ ಚಿತ್ರ, ಕ್ಯಾರೆಟ್ ಚಿತ್ರ, 'ಸೀನಿಯರ್' ಅನ್ನುವ ದಪ್ಪ ಅಕ್ಷರ ಇರಬಹುದು. ಅದನ್ನು ಬಿಟ್ಟು ಚೀಲ ತಿರುಗಿಸಿ. ಬ್ಯಾಲೆನ್ಸ್ ಶೀಟ್ ಓದುವವರು ಕಂಪನಿಯ ಜಾಹೀರಾತು ನೋಡುತ್ತಾರಾ? ಇದೂ ಹಾಗೇ.

1. ನಾರು: 'ಕ್ರೂಡ್ ಫೈಬರ್' ಎಂದು ಬರೆದಿರುತ್ತಾರೆ. ವಯಸ್ಸಾದ ಮೊಲಕ್ಕೆ ಕನಿಷ್ಠ ಶೇ. 18 ಬೇಕು, 20ರ ಮೇಲೆ ಇದ್ದರೆ ಉತ್ತಮ. ಮೊದಲು ನೋಡಬೇಕಾದ್ದು ಇದನ್ನೇ.

2. ಪ್ರೋಟೀನ್: ಶೇ. 12ರಿಂದ 14 ಸಾಕು. 'ವಯಸ್ಸಾಗಿದೆ, ಪ್ರೋಟೀನ್ ಪೂರ್ತಿ ಕಡಿಮೆ ಮಾಡಬೇಕು' ಅನ್ನುವುದು ತಪ್ಪು ತಿಳುವಳಿಕೆ. ವಯಸ್ಸಾದಾಗ ಸ್ನಾಯು ಕರಗುತ್ತದೆ. ವೈದ್ಯರು ಹೇಳದ ಹೊರತು ಇದಕ್ಕಿಂತ ಕಡಿಮೆಗೆ ಹೋಗಬೇಡಿ.

3. ಕೊಬ್ಬು: ಶೇ. 3ರ ಒಳಗೆ.

4. ಕ್ಯಾಲ್ಸಿಯಂ: ಶೇ. 0.5ರಿಂದ 1ರ ನಡುವೆ. ಮೊಲದ ಕ್ಯಾಲ್ಸಿಯಂ ಲೆಕ್ಕ ನಮ್ಮ ಹಾಗಲ್ಲ. ತಿಂದದ್ದರಲ್ಲಿ ಹೆಚ್ಚಿನ ಪಾಲನ್ನು ದೇಹ ಹೀರಿಕೊಂಡು, ಬೇಡವಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ನೀರು ಕಡಿಮೆ, ಓಡಾಟ ಕಡಿಮೆ ಆದ ಮುದಿ ಮೊಲದಲ್ಲಿ ಅದು ಮೂತ್ರಕೋಶದಲ್ಲೇ ಸುಣ್ಣದ ಕೆಸರಿನ ಹಾಗೆ ಕೂರುತ್ತದೆ, ಕೆಲವೊಮ್ಮೆ ಕಲ್ಲಾಗುತ್ತದೆ.

5. ತಯಾರಾದ ದಿನಾಂಕ: ಎಕ್ಸ್‌ಪೈರಿ ಅಲ್ಲ, ತಯಾರಾದ ದಿನ. ಪೆಲೆಟ್‌ನಲ್ಲಿರುವ ಎ ಮತ್ತು ಇ ವಿಟಮಿನ್‌ಗಳು ಬಿಸಿ ಮತ್ತು ಗಾಳಿಗೆ ಹಾಳಾಗುತ್ತಾ ಹೋಗುತ್ತವೆ. ತಯಾರಾಗಿ ಮೂರು ತಿಂಗಳೊಳಗೆ ಖಾಲಿ ಆಗುವ ಹಾಗೆ ಕೊಳ್ಳಿ.

ಈ ಐದೂ ಬರೆದಿಲ್ಲದ ಚೀಲ, ಅಥವಾ ದೊಡ್ಡ ಮೂಟೆಯಿಂದ ತೂಗಿ ಕೊಡುವ ಹೆಸರಿಲ್ಲದ ಪೆಲೆಟ್ ಸಿಕ್ಕಿದರೆ ಅಂಗಡಿಯವರಲ್ಲಿ ಮೂಟೆಯ ಮೇಲಿನ ಚೀಟಿ ತೋರಿಸಲು ಹೇಳಿ. ಕೇಳಲು ಸಂಕೋಚ ಬೇಡ, ಅದು ಗಿರಾಕಿಯ ಹಕ್ಕು.

ಇನ್ನೊಂದು ಮಾತು. ಬಣ್ಣಬಣ್ಣದ ಉಂಡೆ, ಜೋಳದ ಕಾಳು, ಒಣ ಬಟಾಣಿ ಎಲ್ಲ ಬೆರೆಸಿದ ಮಿಕ್ಸ್ ಆಹಾರ ಬೇಡ. ಮೊಲ ಅದರಲ್ಲಿ ಸಿಹಿಯಾದದ್ದನ್ನು ಆರಿಸಿ ತಿಂದು ನಾರಿನ ಭಾಗವನ್ನು ಬಿಡುತ್ತದೆ. ಇಂಥ ಮಿಕ್ಸ್ ತಿಂದ ಮೊಲಗಳಿಗೆ ಬೊಜ್ಜು ಮತ್ತು ಹಲ್ಲಿನ ತೊಂದರೆ ಹೆಚ್ಚು ಎಂದು ಬ್ರಿಟನ್ನಿನ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಸಂಶೋಧಕರು ಕಂಡಿದ್ದಾರೆ. ಎಲ್ಲ ಉಂಡೆಯೂ ಒಂದೇ ಬಣ್ಣ, ಒಂದೇ ಗಾತ್ರ ಇರುವ ಸಾದಾ ಪೆಲೆಟ್ ಒಳ್ಳೆಯದು.

ಹತ್ತಿ, ಶೇಂಗಾ ಊರಿನ ಎಚ್ಚರಿಕೆ

ಆದೋನಿ ಅಂದರೆ ಹತ್ತಿ ಮಾರುಕಟ್ಟೆ, ಜಿನ್ನಿಂಗ್ ಮಿಲ್ಲು, ಶೇಂಗಾ ಎಣ್ಣೆ. ಎಮ್ಮೆ, ಹಸುವಿಗೆ ಹಿಂಡಿ ಇಲ್ಲಿ ಬೇಕಾದಷ್ಟು ಸಿಗುತ್ತದೆ. ಆದ್ದರಿಂದ 'ಪೆಲೆಟ್ ದುಬಾರಿ, ಬದಲಿಗೆ ಸ್ವಲ್ಪ ಹಿಂಡಿ ಹಾಕೋಣ' ಎಂಬ ಯೋಚನೆ ಸಹಜ. ಇಲ್ಲಿ ನಿಲ್ಲಿ.

ಹತ್ತಿಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷದ ಅಂಶ ಇರುತ್ತದೆ. ಮೆಲುಕು ಹಾಕುವ ಬೆಳೆದ ದನ, ಎಮ್ಮೆ ಅದನ್ನು ಒಂದು ಮಟ್ಟಿಗೆ ತಡೆದುಕೊಳ್ಳುತ್ತವೆ. ಮೊಲದ ಹೊಟ್ಟೆ ಒಂದೇ ಕೋಣೆಯದು, ಆ ಶಕ್ತಿ ಅದಕ್ಕಿಲ್ಲ. ಹತ್ತಿ ಗಿಡದ ಎಲೆಯೂ ಬೇಡ. ಗಾಸಿಪಾಲ್ ಜೊತೆಗೆ ಅದರ ಮೇಲೆ ಹೊಡೆದ ಔಷಧಿಯೂ ಇರುತ್ತದೆ.

ಶೇಂಗಾ ಹಿಂಡಿಯ ತೊಂದರೆ ಬೇರೆ. ಒದ್ದೆಯಾಗಿ ಬೂಸ್ಟು ಹಿಡಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಲಿವರ್ ಹಾಳು ಮಾಡುತ್ತದೆ. ಸಾಕುಪ್ರಾಣಿಗಳಲ್ಲಿ ಈ ವಿಷಕ್ಕೆ ಬೇಗ ಬಲಿಯಾಗುವವುಗಳಲ್ಲಿ ಮೊಲವೂ ಒಂದು. ಕಣ್ಣಿಗೆ ಬೂಸ್ಟು ಕಾಣದಿದ್ದರೂ ವಿಷ ಇರಬಹುದು. ಬಿಡಿ ಪೆಲೆಟ್‌ಗೆ ಅಗ್ಗದ ಹಿಂಡಿ ಬಳಸಿರುವ ಸಾಧ್ಯತೆಯೂ ಇರುವುದರಿಂದ ಯಾವ ಹಿಂಡಿ ಹಾಕಿದ್ದಾರೆ ಎಂದು ಕೇಳಿ ತಿಳಿದುಕೊಳ್ಳಿ.

ಮೂರನೆಯದು ಕೋಳಿ ಆಹಾರ. ಕೆಲವು ಕೋಳಿ ಆಹಾರದಲ್ಲಿ ರಕ್ತಭೇದಿ ತಡೆಯಲು ಸಲಿನೋಮೈಸಿನ್, ನರಾಸಿನ್ ಎಂಬ ಔಷಧಿ ಬೆರೆಸುತ್ತಾರೆ. ಕೋಳಿಗೆ ಅದು ಔಷಧಿ, ಮೊಲಕ್ಕೆ ವಿಷ. ಒಂದೇ ಡಬ್ಬಿಯಿಂದ ಕೋಳಿಗೂ ಮೊಲಕ್ಕೂ ಹಾಕುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ. ಕೋಳಿ ಆಹಾರ ತುಂಬಿದ್ದ ಚೀಲ, ಅಳತೆಯ ಡಬ್ಬಿಯನ್ನೂ ಮೊಲದ ಆಹಾರಕ್ಕೆ ಬಳಸಬೇಡಿ.

ಹುಲ್ಲು ಸರಿಯಿಲ್ಲದೆ ಪೆಲೆಟ್ ಮಾತ್ರ ಸರಿ ಮಾಡಿದರೆ ಪ್ರಯೋಜನ ಇಲ್ಲ

ಸಾಕುವ ಮೊಲದ ಬಗ್ಗೆ ಇಂಟರ್‌ನೆಟ್‌ನಲ್ಲಿ ಓದಿದರೆ ಎಲ್ಲ ಕಡೆ ಟಿಮೊಥಿ ಹುಲ್ಲು ಅಂತ ಬರೆದಿರುತ್ತದೆ. ಅದು ತಂಪು ದೇಶದ ಹುಲ್ಲು. ಹೊರಗಿನಿಂದ ಬರುವುದರಿಂದ ದುಬಾರಿ. ಅದೇ ಆಗಬೇಕೆಂದಿಲ್ಲ. ನಮ್ಮ ಗರಿಕೆ ಹುಲ್ಲನ್ನು ಔಷಧಿ ಹೊಡೆಯದ ಜಾಗದಿಂದ ತಂದು, ತೊಳೆದು, ನೆರಳಲ್ಲಿ ಒಣಗಿಸಿದರೆ ಒಳ್ಳೆಯ ಒಣಹುಲ್ಲು. ಗಿನಿ ಹುಲ್ಲು ಆಗುತ್ತದೆ. ತುಂಗಭದ್ರಾ ಕಾಲುವೆ ಕಡೆ ಸಿಗುವ ಭತ್ತದ ಹುಲ್ಲಿನಲ್ಲಿ ಪೌಷ್ಟಿಕಾಂಶ ಕಡಿಮೆ. ಅದನ್ನು ಬೇರೆ ಹುಲ್ಲಿನ ಜೊತೆ ಬೆರೆಸಿ ಕೊಡಬಹುದು, ಅದೊಂದನ್ನೇ ನಂಬಬೇಡಿ. ಎಳೆ ಜೋಳದ ಸಸಿ ಮಾತ್ರ ಬೇಡವೇ ಬೇಡ, ಅದರಲ್ಲಿ ಸಯನೈಡ್ ಅಂಶ ಇರುತ್ತದೆ. ರೈತರಿಗೆ ಇದು ಗೊತ್ತಿರುವ ವಿಷಯವೇ.

ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಮತ್ತು ಶೇಂಗಾ ಬಳ್ಳಿ ಬೇಳೆಕಾಳಿನ ಜಾತಿಯವು. ಇವುಗಳಲ್ಲಿ ಕ್ಯಾಲ್ಸಿಯಂ ಬಹಳ. ಒಂದು ಲೆಕ್ಕ ನೋಡಿ. ಸಾದಾ ಒಣಹುಲ್ಲಿನ ನೂರು ಗ್ರಾಂನಲ್ಲಿ ಕ್ಯಾಲ್ಸಿಯಂ ಸುಮಾರು ಅರ್ಧ ಗ್ರಾಂ ಅಥವಾ ಅದಕ್ಕಿಂತ ಕಡಿಮೆ. ಒಣ ಲೂಸರ್ನ್‌ನ ನೂರು ಗ್ರಾಂನಲ್ಲಿ ಸುಮಾರು ಒಂದೂಕಾಲರಿಂದ ಒಂದೂವರೆ ಗ್ರಾಂ. ಶೇ. 0.8 ಕ್ಯಾಲ್ಸಿಯಂ ಇರುವ ಪೆಲೆಟ್ ದಿನಕ್ಕೆ 40 ಗ್ರಾಂ ಕೊಟ್ಟರೆ ಅದರಿಂದ ಬರುವುದು 0.32 ಗ್ರಾಂ ಮಾತ್ರ. ಅಂದರೆ ದುಬಾರಿ ಕೊಟ್ಟು ಕಡಿಮೆ ಕ್ಯಾಲ್ಸಿಯಂ ಪೆಲೆಟ್ ತಂದು, ಜೊತೆಗೆ ದಿನಾ ಲೂಸರ್ನ್ ಕಟ್ಟು ಹಾಕಿದರೆ ಲೆಕ್ಕ ಎಲ್ಲಾ ತಲೆಕೆಳಗು. ಮರಿಗಳಿಗೆ, ಹಾಲೂಡುವ ತಾಯಿಗೆ, ತೀರಾ ಸೊರಗಿದ ಮೊಲಕ್ಕೆ ಲೂಸರ್ನ್ ಸರಿ. ಉಳಿದ ದೊಡ್ಡ ಮೊಲಗಳಿಗೆ ಅಪರೂಪಕ್ಕೆ ಒಂದು ಹಿಡಿ ಸಾಕು.

ನಿಮ್ಮ ಮೊಲ ಯಾವ ಸಾಲಿಗೆ ಸೇರುತ್ತದೆ?

ವಯಸ್ಸಾದ ಮೊಲ ಎಲ್ಲಾ ಒಂದೇ ಅಲ್ಲ. ಪೆಲೆಟ್ ಆರಿಸುವ ಮೊದಲು ತೂಕ ನೋಡಿ. ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ, ಒಂದೇ ಸಮಯಕ್ಕೆ ತೂಗಿ ಕ್ಯಾಲೆಂಡರ್ ಮೇಲೆ ಬರೆದಿಡಿ. ಎರಡು ಕಿಲೋ ಮೊಲ 200 ಗ್ರಾಂ ಇಳಿದರೆ ನಮಗೆ ಚಿಕ್ಕದು ಅನಿಸಬಹುದು. ಅದು ಅರವತ್ತು ಕಿಲೋ ಮನುಷ್ಯ ಆರು ಕಿಲೋ ಇಳಿದ ಹಾಗೆ.

ತೂಕ ಸರಿಯಾಗಿದ್ದು, ಚಟುವಟಿಕೆಯಿಂದ ಇರುವ ಮೊಲ: ಹುಟ್ಟಿದ ವರ್ಷ ಲೆಕ್ಕ ಹಾಕಿ ಆಹಾರ ಬದಲಿಸುವ ಅಗತ್ಯ ಇಲ್ಲ. ನಾರು ಹೆಚ್ಚಿರುವ ದೊಡ್ಡ ಮೊಲದ ಪೆಲೆಟ್ ಕೊಡುತ್ತಿದ್ದರೆ ಅದನ್ನೇ ಮುಂದುವರಿಸಿ. ಒಂದು ಕಿಲೋ ತೂಕಕ್ಕೆ ದಿನಕ್ಕೆ 20ರಿಂದ 25 ಗ್ರಾಂ ಮೀರಬಾರದು.

ದಪ್ಪಗಾದ ಮೊಲ: ಪೆಲೆಟ್ ನಿಧಾನವಾಗಿ ಅರ್ಧಕ್ಕೆ ಇಳಿಸಿ, ಹುಲ್ಲು ಎಷ್ಟು ಬೇಕೋ ಅಷ್ಟು ಇಡಿ. ಉಪವಾಸ ಕೆಡವಬೇಡಿ, ಮೊಲಕ್ಕೆ ಅದು ಅಪಾಯ. ಮೊಲ ತನ್ನ ಮೆತ್ತನೆಯ, ದ್ರಾಕ್ಷಿ ಗೊಂಚಲಿನಂಥ ಹಿಕ್ಕೆಯನ್ನು ತಾನೇ ಬಾಯಿ ಹಾಕಿ ತಿನ್ನುತ್ತದೆ. ಅದು ಅದರ ದೇಹಕ್ಕೆ ಬೇಕಾದದ್ದು. ಬೊಜ್ಜು ಅಥವಾ ಸಂಧಿ ನೋವಿನಿಂದ ಬಾಗಲು ಆಗದಿದ್ದರೆ ಆ ಹಿಕ್ಕೆ ಹಿಂಭಾಗಕ್ಕೆ ಅಂಟುತ್ತದೆ. ಅಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಆದರೆ ಒಂದೆರಡು ದಿನದಲ್ಲಿ ಪ್ರಾಣ ಹೋಗಬಹುದು. ದಿನಾ ಹಿಂಭಾಗ ನೋಡಿ.

ಸೊರಗಿದ ಮೊಲ: ಕೂಡಲೇ ಹೆಚ್ಚು ಪೆಲೆಟ್ ಹಾಕಬೇಡಿ. ಮೊದಲು ಏಕೆ ಸೊರಗಿತು ಎಂದು ನೋಡಿ. ಹುಲ್ಲು ಬಿಟ್ಟು ಮೆತ್ತಗಿರುವುದನ್ನು ಮಾತ್ರ ತಿನ್ನುವುದು, ಜೊಲ್ಲು ಸುರಿಸುವುದು, ಬಾಯಿಗೆ ತೆಗೆದುಕೊಂಡು ಬೀಳಿಸುವುದು ಕಂಡರೆ ದವಡೆ ಹಲ್ಲು ಚೂಪಾಗಿ ನಾಲಿಗೆಗೆ ಚುಚ್ಚುತ್ತಿರಬಹುದು. ಅದಕ್ಕೆ ಪೆಲೆಟ್ ಬದಲಿಸುವುದಲ್ಲ, ವೈದ್ಯರು ಹಲ್ಲು ಸರಿ ಮಾಡಬೇಕು. ಹಲ್ಲು ಸರಿ ಇದ್ದು, ಬೇರೆ ಕಾಯಿಲೆ ಇಲ್ಲ ಎಂದು ಖಚಿತವಾದ ಮೇಲೆ ಪೆಲೆಟ್ ಸ್ವಲ್ಪ ಹೆಚ್ಚಿಸಬಹುದು, ಸ್ವಲ್ಪ ಲೂಸರ್ನ್ ಸೇರಿಸಬಹುದು.

ಅಗಿಯಲು ಆಗದ ಮೊಲ: ಅದೇ ಪೆಲೆಟ್ ಅನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಗಂಜಿಯ ಹಾಗೆ ಮಾಡಿ ಕೊಡಿ. ನೀರೂ ಹೊಟ್ಟೆಗೆ ಹೋಗುತ್ತದೆ. ಆದೋನಿಯ ಬೇಸಿಗೆಯಲ್ಲಿ ನೆನೆಸಿದ್ದು ಬೇಗ ಹುಳಿಯಾಗುತ್ತದೆ. ಎರಡು ಗಂಟೆಯಲ್ಲಿ ಉಳಿದದ್ದನ್ನು ಎಸೆದು ಬಟ್ಟಲು ತೊಳೆಯಿರಿ.

ಮೂತ್ರ ದಪ್ಪ ಸುಣ್ಣದ ಹಾಗೆ ಬರುವುದು, ತಿಣುಕುವುದು, ರಕ್ತ ಕಾಣುವುದು: ಮೊಲದ ಮೂತ್ರ ಸ್ವಲ್ಪ ಮಬ್ಬಾಗಿರುವುದು ಸಹಜ. ಆದರೆ ಟೂತ್‌ಪೇಸ್ಟ್ ಹಾಗೆ ಬಂದರೆ ವೈದ್ಯರ ಬಳಿ ಹೋಗಿ. ಕ್ಯಾಲ್ಸಿಯಂ ಕಡಿಮೆ ಇರುವ ಪೆಲೆಟ್, ಹೆಚ್ಚು ನೀರು, ಹಸಿ ಸೊಪ್ಪು ಬೇಕಾಗುತ್ತದೆ.

ಖರ್ಚಿನ ಲೆಕ್ಕ

ಎರಡು ಕಿಲೋ ಮೊಲಕ್ಕೆ ದಿನಕ್ಕೆ 40 ಗ್ರಾಂ ಅಂದರೆ ತಿಂಗಳಿಗೆ 1.2 ಕಿಲೋ. ಉದಾಹರಣೆಗೆ ಬಿಡಿ ಪೆಲೆಟ್ ಕಿಲೋಗೆ 60 ರೂಪಾಯಿ, ಪ್ಯಾಕೆಟ್‌ನದ್ದು 200 ರೂಪಾಯಿ ಎಂದು ಇಟ್ಟುಕೊಳ್ಳಿ. ತಿಂಗಳಿಗೆ 72 ರೂಪಾಯಿ ಒಂದು ಕಡೆ, 240 ರೂಪಾಯಿ ಇನ್ನೊಂದು ಕಡೆ. ವ್ಯತ್ಯಾಸ 168 ರೂಪಾಯಿ. ಒಂದು ಸಲ ಮೊಲವನ್ನು ಬಾಡಿಗೆ ಗಾಡಿಯಲ್ಲಿ ಬಳ್ಳಾರಿಗೋ ಕರ್ನೂಲಿಗೋ ಆಸ್ಪತ್ರೆಗೆ ಒಯ್ದರೆ ಇದರ ಎಷ್ಟೋ ಪಟ್ಟು ಖರ್ಚಾಗುತ್ತದೆ. ಪೆಲೆಟ್ ದುಬಾರಿ ಅನಿಸುವುದು ಅದನ್ನು ಊಟದ ಹಾಗೆ ಬಟ್ಟಲು ತುಂಬ ಹಾಕಿದಾಗ. ಅಳತೆ ಮಾಡಿ ಹಾಕಿದರೆ ಅಷ್ಟು ಭಾರ ಅಲ್ಲ.

ಹಾಗಂತ ದರ ಕಡಿಮೆ ಎಂದು ದೊಡ್ಡ ಚೀಲ ಹೊತ್ತು ತರಬೇಡಿ. ಒಂದೇ ಮೊಲ ಇದ್ದರೆ ಐದು ಕಿಲೋ ಚೀಲ 125 ದಿನ ಬರುತ್ತದೆ, ಅಂದರೆ ನಾಲ್ಕು ತಿಂಗಳು. ಕೊನೆಯ ತಿಂಗಳು ಮೊಲ ತಿನ್ನುವುದು ಸತ್ವ ಕಳೆದುಕೊಂಡ ಪುಡಿ. ಒಂದು ಕಿಲೋ ಪ್ಯಾಕೆಟ್ 25 ದಿನಕ್ಕೆ ಸರಿ. ನಾಲ್ಕೈದು ಮನೆಯವರು ಸೇರಿ ದೊಡ್ಡ ಚೀಲ ತರಿಸಿ ಹಂಚಿಕೊಂಡರೆ ಹಣವೂ ಉಳಿಯುತ್ತದೆ, ತಾಜಾ ಆಹಾರವೂ ಸಿಗುತ್ತದೆ.

ಇಡುವ ಜಾಗದ ವಿಷಯ. ಆದೋನಿಯಲ್ಲಿ ಶತ್ರು ಬಿಸಿ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಶೀಟ್ ಕೆಳಗೆ ಚೀಲ ಇಡಬೇಡಿ. ಕರಾವಳಿಯಲ್ಲಿ ಶತ್ರು ಮಳೆಗಾಲದ ತೇವ. ಗಾಳಿಯಾಡದ ಡಬ್ಬಿ ಬೇಕು, ಮುಗ್ಗಲು ವಾಸನೆ ಬಂದರೆ ಬಿಸಿಲಿಗೆ ಹಾಕಿ ಬಳಸುವುದಲ್ಲ, ಎಸೆಯುವುದೇ ಸರಿ. ಬೂಸ್ಟಿನ ವಿಷ ಬಿಸಿಲಿಗೆ ಹಾಕಿದರೆ ಪೂರ್ತಿ ಹೋಗುವುದಿಲ್ಲ. ಹುಲ್ಲನ್ನೂ ಜೂನ್‌ಗೆ ಮೊದಲೇ ಒಣಗಿಸಿ ಕಟ್ಟಿಡಿ.

ಬದಲಿಸುವ ಕ್ರಮ

ಹಳೆಯದರಿಂದ ಹೊಸ ಪೆಲೆಟ್‌ಗೆ ಒಂದೇ ದಿನದಲ್ಲಿ ಹೋಗಬಾರದು. ಮೊದಲ ಮೂರು ದಿನ ಕಾಲು ಭಾಗ ಹೊಸದು, ನಂತರ ಮೂರು ದಿನ ಅರ್ಧ, ಮತ್ತೆ ಮೂರು ದಿನ ಮುಕ್ಕಾಲು, ಹತ್ತನೇ ದಿನ ಪೂರ್ತಿ. ನಡುವೆ ಹಿಕ್ಕೆ ಚಿಕ್ಕದಾದರೆ ಅಥವಾ ಮೆತ್ತಗಾದರೆ ಒಂದು ಹೆಜ್ಜೆ ಹಿಂದೆ ಹೋಗಿ.

ನೀರು ಬಾಟಲಿಯಲ್ಲಿ ಅಲ್ಲ, ಅಗಲವಾದ ಭಾರದ ಬಟ್ಟಲಲ್ಲಿ ಇಡಿ. ಕತ್ತು ನೋವಿರುವ ಮುದಿ ಮೊಲಕ್ಕೆ ಸುಲಭ. ಪೆಲೆಟ್ ಒಣ ಆಹಾರ, ಅದಕ್ಕೆ ನೀರು ಜಾಸ್ತಿ ಬೇಕು. 30 ಡಿಗ್ರಿ ದಾಟಿದರೆ ಮೊಲಕ್ಕೆ ಸೆಕೆಯ ತ್ರಾಸ ಶುರು. ಬೇಸಿಗೆಯಲ್ಲಿ ಪೆಲೆಟ್ ಅನ್ನು ಫಜ್ರ್ ಹೊತ್ತಿಗೆ ಅರ್ಧ, ಇಶಾ ಆದ ಮೇಲೆ ಅರ್ಧ ಕೊಡಿ. ತಂಪು ಹೊತ್ತಿನಲ್ಲಿ ತಿನ್ನುವುದು ಮೊಲದ ಸ್ವಭಾವವೂ ಹೌದು.

ಪ್ರೀತಿಯಿಂದ ಕೊಡುವ ಬಿಸ್ಕತ್ತು, ಪತ್ತಿರ್ ತುಂಡು, ಉಳಿದ ಅನ್ನ, ರಮಝಾನ್‌ನಲ್ಲಿ ಖರ್ಜೂರ ಎಲ್ಲ ನಿಲ್ಲಿಸಿ. ಹಿಟ್ಟು, ಸಕ್ಕರೆ ಮೊಲದ ಕರುಳನ್ನು ಕೆಡಿಸುತ್ತದೆ. ಕ್ಯಾರೆಟ್ ಕೂಡ ಬೆರಳಗಲ ತುಂಡು ಸಾಕು. ಕೊತ್ತಂಬರಿ, ಪುದೀನ, ಕ್ಯಾರೆಟ್‌ನ ಎಲೆ ಒಳ್ಳೆಯದು.

ಯಾವಾಗ ಕಾಯಬಾರದು?

ಮೊಲ ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಅದು ತುರ್ತು ಪರಿಸ್ಥಿತಿ. ನಾಳೆ ನೋಡೋಣ ಎಂದು ಬಿಡಬೇಡಿ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬೇಡಿ. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮುಂತಾದ ಆಂಟಿಬಯೋಟಿಕ್‌ಗಳನ್ನು ಬಾಯಿಯಿಂದ ಕೊಟ್ಟರೆ ಮೊಲದ ಹೊಟ್ಟೆಯ ಒಳ್ಳೆಯ ಸೂಕ್ಷ್ಮಾಣುಗಳು ಸತ್ತು ಜೀವ ಹೋಗಬಹುದು. ನಮ್ಮ ಕಡೆಯ ಪಶು ವೈದ್ಯರಿಗೆ ದನ, ಕುರಿ, ಮೇಕೆಗಳೇ ಹೆಚ್ಚು ಬರುವುದರಿಂದ ಮೊಲ ನೋಡಿದ ಅನುಭವ ಇರುವ ವೈದ್ಯರು ಹತ್ತಿರದಲ್ಲಿ ಯಾರಿದ್ದಾರೆ ಎಂದು ಮೊಲ ಆರೋಗ್ಯವಾಗಿರುವಾಗಲೇ ವಿಚಾರಿಸಿ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ಹೋಗುವಾಗ ಪೆಲೆಟ್ ಚೀಲದ ಹಿಂಭಾಗದ ಫೋಟೋ ಮತ್ತು ತೂಕ ಬರೆದ ಚೀಟಿ ಒಯ್ಯಿರಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಹೊಲದಲ್ಲಿ ಸಿಗುವ ಕಾಡು ಮೊಲದ ಮರಿ ತಂದು ಸಾಕುವವರಿಗೂ ಒಂದು ಮಾತು. ಅದು ಬೇರೆಯೇ ಜಾತಿ, ಪೆಲೆಟ್ ಅದರ ಆಹಾರವೂ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದು ಸಾಕುವುದು ಅಪರಾಧ.

ಬೆಕ್ಕನ್ನು ಕಟ್ಟಿಹಾಕಿ, ತಾನೂ ಉಣಿಸದೆ, ಅದು ತಾನಾಗಿ ಹುಡುಕಿ ತಿನ್ನಲೂ ಬಿಡದ ಹೆಣ್ಣಿನ ಹದೀಸ್ ಮದ್ರಸದಲ್ಲಿ ನಾವೆಲ್ಲ ಕೇಳಿದ್ದೇವೆ. ಗೂಡಿನಲ್ಲಿರುವ ಮೊಲದ ಸ್ಥಿತಿ ಅದೇ. ತನಗೆ ಬೇಕಾದ ಹುಲ್ಲನ್ನು ಅದು ಹುಡುಕಿ ಹೋಗಲಾರದು, ನೋವಾದರೆ ಹೇಳಲಾರದು. ಮರಿ ಇದ್ದಾಗ ಎತ್ತಿಕೊಂಡು ಆಡಿಸಿದ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿರಬಹುದು. ಯುವಕರೇ, ತಕ್ಕಡಿ ಮತ್ತು ಕ್ಯಾಲೆಂಡರ್ ಕೆಲಸ ನೀವು ವಹಿಸಿಕೊಳ್ಳಿ. ಈ ವಾರ ಚೀಲ ತಿರುಗಿಸಿ ನಾರಿನ ಅಂಕಿ ನೋಡಿ. 18ಕ್ಕಿಂತ ಕಡಿಮೆ ಇದ್ದರೆ ಬೇರೆ ಪೆಲೆಟ್ ಹುಡುಕಲು ಶುರು ಮಾಡಿ, ಅಲ್ಲಿಯವರೆಗೆ ಇರುವುದನ್ನೇ ಅಳತೆ ಮಾಡಿ ಕೊಟ್ಟು ಹುಲ್ಲು ಹೆಚ್ಚಿಸಿ.